ಮೂರು ಸಲ ಬೇಯುವ ಆಲೂಗಡ್ಡೆ: ಹೆಸ್ಟನ್ ಬ್ಲೂಮೆಂಥಾಲ್ ಚಿಪ್ಸ್ ಮನೆಯಲ್ಲಿ ಮಾಡುವುದು ಹೇಗೆ

ಇಂಗ್ಲೆಂಡಿನ ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಮೊಟ್ಟೆ ಮತ್ತು ಬೇಕನ್ ಐಸ್‌ಕ್ರೀಮ್, ಬಸವನಹುಳು ಹಾಕಿದ ಓಟ್ಸ್ ಗಂಜಿ, ಶಂಖದೊಳಗೆ ಐಪಾಡ್ ಇಟ್ಟು ಅಲೆಗಳ ಸದ್ದು ಕೇಳಿಸುತ್ತಾ ಬಡಿಸುವ ಮೀನು. ಟಿವಿಯಲ್ಲಿ ಇದನ್ನು ನೋಡಿದ ನಮ್ಮವರು ಎಷ್ಟೋ ಜನ, ದುಡ್ಡಿದ್ದವರ ಶೋಕಿ ಅಂತ ಚಾನೆಲ್ ಬದಲಿಸುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಹೆಸ್ಟನ್ ಅವರ ಚಿಪ್ಸ್ ಮಾಡಿ ನೋಡಿ. ಆಲೂಗಡ್ಡೆ, ನೀರು, ಎಣ್ಣೆ, ಉಪ್ಪು, ಇಷ್ಟು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆ ಮನುಷ್ಯ ಹೇಗೆ ಯೋಚನೆ ಮಾಡುತ್ತಾರೆ ಅನ್ನುವುದು ಅಲ್ಲೇ ಪೂರ್ತಿ ಕಾಣುತ್ತದೆ. ಆಮೇಲೆ ಆ ಶಂಖ, ಆ ಐಸ್‌ಕ್ರೀಮ್ ಎಲ್ಲ ಬೇರೆ ಥರ ಕಾಣುತ್ತವೆ.

ನಾನು ಹಾಸನದವಳು. ಈಗ ಇರುವುದು ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ. ಥೇಮ್ಸ್ ನದಿಯ ಪಕ್ಕದಲ್ಲಿ ಸ್ವಲ್ಪ ದೂರ ನಡೆದರೆ ಬ್ರೇ ಅನ್ನುವ ಸಣ್ಣ ಹಳ್ಳಿ ಸಿಗುತ್ತದೆ. ಅವರ ಫ್ಯಾಟ್ ಡಕ್ ರೆಸ್ಟೋರೆಂಟ್ ಇರುವುದು ಅಲ್ಲೇ. ಊರಿಗೆ ಹೋದಾಗ ಹಾಸನದ ಆಲೂಗಡ್ಡೆಯಲ್ಲೂ ಇದೇ ಚಿಪ್ಸ್ ಮಾಡುತ್ತೇನೆ. ಹಾಗಾಗಿ ಎರಡೂ ಕಡೆಯ ಅಡುಗೆಮನೆಗೆ ಹೊಂದುವ ಹಾಗೆ ಬರೆಯುತ್ತಿದ್ದೇನೆ. ಇಲ್ಲಿ ಚಿಪ್ಸ್ ಅಂದರೆ ಪ್ಯಾಕೆಟ್ಟಿನ ತೆಳು ಚಿಪ್ಸ್ ಅಲ್ಲ. ಬೆರಳಿಗಿಂತ ದಪ್ಪನೆಯ, ಬಿಸಿಬಿಸಿ ತಿನ್ನುವ ಇಂಗ್ಲಿಷ್ ಚಿಪ್ಸ್.

ಮೊದಲು ಆಲೂಗಡ್ಡೆ

ಅವರ ಪಾಕದಲ್ಲಿರುವುದು ಮ್ಯಾರಿಸ್ ಪೈಪರ್ ಎಂಬ ತಳಿ. ಇಂಗ್ಲೆಂಡಿನಲ್ಲಿ ಇದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಚೀಲದ ಮೇಲೆ ಹೆಸರು ಬರೆದಿರುತ್ತದೆ. ನಮ್ಮ ಕಡೆ ಸಂತೆಯಲ್ಲಿ ಹೆಸರು ಕೇಳಿದರೆ ಯಾರೂ ಹೇಳುವುದಿಲ್ಲ. ಕುಫ್ರಿ ಚಿಪ್ಸೋನಾ ಸಿಕ್ಕರೆ ಬಿಡಬೇಡಿ, ಅದನ್ನು ಬೆಳೆಸಿರುವುದೇ ಕರಿಯುವುದಕ್ಕೆ. ಸಿಗದಿದ್ದರೆ ಒಂದು ಪರೀಕ್ಷೆ ಇದೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕದಡಿ, ಆಲೂಗಡ್ಡೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಅದರಲ್ಲಿ ಪಿಷ್ಟ ಜಾಸ್ತಿ, ನೀರು ಕಡಿಮೆ. ಚಿಪ್ಸ್‌ಗೆ ಬೇಕಾಗಿರುವುದು ಅದೇ. ತೇಲಿದರೆ ಅದನ್ನು ಸಾಗುವಿಗೆ ಇಟ್ಟುಕೊಳ್ಳಿ.

ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತುಂಬಾ ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಸಕ್ಕರೆ ಜಾಸ್ತಿಯಾದರೆ ಎಣ್ಣೆಗೆ ಹಾಕಿದ ಕೂಡಲೇ ಕಪ್ಪಾಗುತ್ತದೆ, ಕಹಿಯಾಗುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ಬಂದ ಆಲೂಗಡ್ಡೆಗೂ ಇದೇ ಗತಿ. ಬಿಸಿಲು ಬೀಳದ ಮೂಲೆಯಲ್ಲಿ ಗೋಣಿಯ ಮೇಲೆ ಹರಡಿದರೆ ಸಾಕು.

ಒಂದು ಕೆಜಿ ತೆಗೆದುಕೊಳ್ಳಿ. ಸಿಪ್ಪೆ ತೆಗೆದು ಸುಮಾರು 2 ಸೆಂಟಿಮೀಟರ್ ದಪ್ಪ, 2 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದಕ್ಕೆ ಹೆಚ್ಚಿ. ಇಷ್ಟು ದಪ್ಪ ಬೇಕಾ ಅಂತ ಅನ್ನಿಸುತ್ತದೆ. ಬೇಕು. ತೆಳುವಾದರೆ ಒಳಗೆ ಮೆತ್ತಗಿನ ತಿರುಳಿಗೆ ಜಾಗವೇ ಇರುವುದಿಲ್ಲ, ಬರೀ ಸಿಪ್ಪೆಯಂಥ ಗಟ್ಟಿ ಹೊರಪದರ ಉಳಿಯುತ್ತದೆ. ಹೆಚ್ಚಿದ ಮೇಲೆ ಹರಿಯುವ ತಣ್ಣೀರಿನ ಕೆಳಗೆ ಐದು ನಿಮಿಷ ತೊಳೆಯಿರಿ. ನೀರಿನ ತೊಂದರೆ ಇರುವ ಊರಾದರೆ ಪಾತ್ರೆಯಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಬದಲಿಸಿ. ಮೇಲೆ ಅಂಟಿದ ಪಿಷ್ಟ ಹೋಗಬೇಕು, ಅಷ್ಟೇ.

ಒಂದನೇ ಸಲ: ನೀರಿನಲ್ಲಿ

ದೊಡ್ಡ ಪಾತ್ರೆಯಲ್ಲಿ ಎರಡು ಲೀಟರ್ ತಣ್ಣೀರು ಹಾಕಿ, ಹೋಳುಗಳನ್ನು ಅದರಲ್ಲೇ ಹಾಕಿ ಒಲೆ ಹಚ್ಚಿ. ಕೊತಕೊತ ಕುದಿಸಬೇಡಿ, ಸಣ್ಣಗೆ ಗುಳ್ಳೆ ಏಳುತ್ತಿರಲಿ. 20ರಿಂದ 30 ನಿಮಿಷ ಹಿಡಿಯುತ್ತದೆ. ಹಾಸನ, ಬೆಂಗಳೂರಿನಂಥ ಎತ್ತರದ ಊರುಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಒಂದೆರಡು ನಿಮಿಷ ಜಾಸ್ತಿ ಬೇಕಾಗಬಹುದು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಇಡೀ ಪಾಕದ ಗುಟ್ಟು. ಸಾಮಾನ್ಯವಾಗಿ ನಾವು ಬೆಂದಿದೆಯಾ ಅಂತ ಚಾಕು ಚುಚ್ಚಿ ನೋಡಿ ಇಳಿಸುತ್ತೇವೆ. ಇಲ್ಲಿ ಅದನ್ನೂ ದಾಟಿ ಹೋಗಬೇಕು. ಅಂಚುಗಳು ಬಿರಿಯಬೇಕು. ಮೈಯೆಲ್ಲ ಸಣ್ಣ ಸಣ್ಣ ಬಿರುಕು ಬಿಡಬೇಕು. ಇನ್ನೊಂದು ನಿಮಿಷ ಬಿಟ್ಟರೆ ಮುದ್ದೆಯಾಗುತ್ತದೆ ಅನ್ನುವ ಹೊತ್ತಿಗೆ ಇಳಿಸಬೇಕು. ಆಲೂಗಡ್ಡೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಅನ್ನುವ ಅಂಟು ಬಿಸಿಗೆ ಕರಗುತ್ತಾ ಹೋಗುತ್ತದೆ. ಅದು ಸಡಿಲವಾದಾಗ ಬಿರುಕು ಬೀಳುತ್ತದೆ. ಆಮೇಲೆ ಎಣ್ಣೆ ಇಳಿಯುವುದು ಆ ಬಿರುಕುಗಳೊಳಗೆ. ಗರಿಗರಿಯಾಗುವುದೂ ಅವೇ. ನುಣ್ಣಗಿನ ಹೋಳಿಗಿಂತ ಬಿರುಕು ಬಿಟ್ಟ ಹೋಳಿಗೆ ಮೇಲ್ಮೈ ಎಷ್ಟೋ ಪಾಲು ಜಾಸ್ತಿ.

ಜಾಲರಿ ಸೌಟಿನಲ್ಲಿ ಒಂದೊಂದಾಗಿ, ಮಗುವನ್ನು ತೊಟ್ಟಿಲಿಂದ ಎತ್ತಿದ ಹಾಗೆ ಎತ್ತಿ. ತಂತಿಯ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಆವಿ ಪೂರ್ತಿ ಹೋಗಲಿ. ಒಂದೆರಡು ಮುರಿದರೆ ಎಸೆಯಬೇಡಿ, ಎಲ್ಲಕ್ಕಿಂತ ಗರಿಯಾಗುವುದು ಅವೇ. ತಣ್ಣಗಾದ ಮೇಲೆ ಜಾಲರಿ ಸಮೇತ ಫ್ರೀಜರ್‌ಗೆ, ಕಡಿಮೆ ಅಂದರೆ ಒಂದು ಗಂಟೆ. ಫ್ರೀಜರಿನ ಗಾಳಿ ತುಂಬಾ ಒಣಗಿರುತ್ತದೆ, ಮೇಲ್ಮೈಯ ಪಸೆಯನ್ನು ಎಳೆದುಕೊಳ್ಳುತ್ತದೆ. ತಟ್ಟೆಯಲ್ಲಿ ಇಟ್ಟರೆ ಕೆಳಗಿನ ಮುಖ ಒದ್ದೆಯಾಗೇ ಉಳಿಯುತ್ತದೆ, ಜಾಲರಿಯೇ ಬೇಕು.

ಫ್ರೀಜರಿನ ಆ ಒಂದು ಗಂಟೆಯಲ್ಲಿ

ಈ ಹೊತ್ತಿನಲ್ಲಿ ಅವರ ಕಥೆ ಹೇಳುತ್ತೇನೆ.

ಹೆಸ್ಟನ್ ಹುಟ್ಟಿದ್ದು 1966ರ ಮೇ 27ರಂದು, ಲಂಡನ್ನಿನಲ್ಲಿ. ಹದಿನಾರನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಫ್ರಾನ್ಸಿನ ಪ್ರೋವಾನ್ಸ್‌ಗೆ ರಜೆಗೆ ಹೋಗಿದ್ದರು. ಅಲ್ಲಿ ಲೂಸ್ತೋ ದ ಬೋಮಾನಿಯೇರ್ ಅನ್ನುವ, ಮೂರು ಮಿಶೆಲಿನ್ ನಕ್ಷತ್ರದ (ಮಿಶೆಲಿನ್ ಅನ್ನುವ ಮಾರ್ಗದರ್ಶಿ ಪುಸ್ತಕ ಕೊಡುವ ಅತಿ ದೊಡ್ಡ ಮನ್ನಣೆ) ರೆಸ್ಟೋರೆಂಟಿನಲ್ಲಿ ಊಟ ಮಾಡಿದರು. ಅವರ ಮನಸ್ಸಿನಲ್ಲಿ ಉಳಿದದ್ದು ಊಟ ಒಂದೇ ಅಲ್ಲ. ಹೊರಗೆ ಕೂತಿದ್ದಾಗ ಕೇಳಿಸಿದ ಕೀಟಗಳ ಸದ್ದು, ಲ್ಯಾವೆಂಡರ್ ಹೂವಿನ ವಾಸನೆ, ಮೇಜಿನ ಪಕ್ಕದಲ್ಲೇ ಮಾಂಸ ಕತ್ತರಿಸಿ ಬಡಿಸುವ ರೀತಿ, ಎಲ್ಲ ಒಟ್ಟಿಗೆ ಉಳಿಯಿತು. ಬಾಯಿ, ಕಿವಿ, ಮೂಗು ಎಲ್ಲ ಸೇರಿ ಊಟ ಮಾಡುತ್ತವೆ ಅನ್ನುವ ಮಾತನ್ನು ಅವರು ಇವತ್ತಿಗೂ ಹೇಳುತ್ತಾರೆ. ಅದು ಶುರುವಾಗಿದ್ದು ಅವತ್ತು.

ಅಡುಗೆ ಶಾಲೆಗೆ ಅವರು ಹೋಗಲಿಲ್ಲ. ಇಂಗ್ಲೆಂಡಿನಲ್ಲಿರುವ ಫ್ರೆಂಚ್ ಬಾಣಸಿಗ ರೇಮಂಡ್ ಬ್ಲಾಂಕ್ ಅವರ ಹೆಸರಾಂತ ಅಡುಗೆಮನೆಯಲ್ಲಿ ಸುಮಾರು ಒಂದು ವಾರ ಕೆಲಸ ಮಾಡಿ ಬಿಟ್ಟರು. ಆಮೇಲೆ ಫೋಟೋಕಾಪಿ ಯಂತ್ರ ಮಾರಿದರು, ಸಾಲ ವಸೂಲಿ ಮಾಡಿದರು. ಹಗಲು ಆ ಕೆಲಸ, ರಾತ್ರಿ ಮನೆಯಲ್ಲಿ ಫ್ರೆಂಚ್ ಅಡುಗೆಯ ಪುಸ್ತಕ ಹಿಡಿದು ಒಂದೇ ಪದಾರ್ಥವನ್ನು ಮತ್ತೆ ಮತ್ತೆ ಮಾಡುವುದು. ಹೀಗೆ ಹತ್ತು ವರ್ಷದ ಹತ್ತಿರ ಕಳೆದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಈ ವರ್ಷಗಳಿಂದ, ನಕ್ಷತ್ರಗಳಿಂದ ಅಲ್ಲ. ಯಾರೂ ನೋಡುತ್ತಿರಲಿಲ್ಲ. ಯಾರೂ ಹೊಗಳುತ್ತಿರಲಿಲ್ಲ.

ಆ ದಿನಗಳಲ್ಲೇ ಅಮೆರಿಕದ ಹೆರಾಲ್ಡ್ ಮೆಕ್‌ಗೀ 1984ರಲ್ಲಿ ಅಡುಗೆಯ ವಿಜ್ಞಾನದ ಬಗ್ಗೆ ಬರೆದ ಪುಸ್ತಕ ಅವರ ಕೈಗೆ ಸಿಕ್ಕಿತು. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಹುರಿದರೆ ರಸ ಒಳಗೇ ಉಳಿಯುತ್ತದೆ ಅಂತ ದೊಡ್ಡ ದೊಡ್ಡ ಬಾಣಸಿಗರೆಲ್ಲ ಹೇಳುತ್ತಿದ್ದರು. ಅದು ನಿಜವಲ್ಲ ಅಂತ ಮೆಕ್‌ಗೀ ತೋರಿಸಿದ್ದರು. ಇಷ್ಟು ದೊಡ್ಡ ನಂಬಿಕೆಯೇ ಸುಳ್ಳಾದರೆ ಇನ್ನೇನೇನು ಸುಳ್ಳಿರಬಹುದು? ಅವತ್ತಿನಿಂದ ಹೆಸ್ಟನ್ ಎಲ್ಲವನ್ನೂ 'ಯಾಕೆ?' ಅಂತ ಕೇಳತೊಡಗಿದರು.

ಆ ಪ್ರಶ್ನೆ ಚಿಪ್ಸ್‌ಗೂ ಬಂತು. ಹಳೆಯ ಕ್ರಮದಲ್ಲಿ ಚಿಪ್ಸನ್ನು ಎರಡು ಸಲ ಕರಿಯುತ್ತಿದ್ದರು. ಮೊದಲು ಕಡಿಮೆ ಬಿಸಿಯಲ್ಲಿ ಬೇಯಿಸಲು, ಆಮೇಲೆ ಜಾಸ್ತಿ ಬಿಸಿಯಲ್ಲಿ ಗರಿಯಾಗಲು. ಹಾಗೆ ಮಾಡಿದ್ದು ಬಡಿಸುವಾಗ ಚೆನ್ನಾಗಿರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗುತ್ತದೆ. ಯಾಕೆ? ಒಳಗೆ ಉಳಿದ ನೀರು ಆವಿಯಾಗಿ ಹೊರಪದರಕ್ಕೆ ಬರುತ್ತದೆ. ಹಾಗಾದರೆ ಶತ್ರು ನೀರು. ಅದನ್ನು ಮೊದಲೇ ಹೊರಗೆ ಹಾಕಬೇಕು. 1993ರಲ್ಲಿ, ಸ್ವಂತ ರೆಸ್ಟೋರೆಂಟ್ ತೆರೆಯುವುದಕ್ಕೂ ಎರಡು ವರ್ಷ ಮೊದಲು, ಅವರು ಇದರ ಹಿಂದೆ ಬಿದ್ದರು. ಕೊನೆಗೆ ಸಿಕ್ಕಿದ ದಾರಿ ಇದು: ಮೊದಲು ನೀರಿನಲ್ಲಿ ಒಡೆಯುವ ತನಕ ಬೇಯಿಸಿ, ತಂಪಿನಲ್ಲಿ ಒಣಗಿಸಿ, ಆಮೇಲೆ ಎಣ್ಣೆಗೆ ಹಾಕುವುದು. ನೀರನ್ನು ಹೊರಗೆ ಹಾಕಲು ನೀರಿನಲ್ಲೇ ಬೇಯಿಸಬೇಕು ಅನ್ನುವುದು ಯಾರಿಗಾದರೂ ಸುಲಭವಾಗಿ ಹೊಳೆಯುತ್ತದಾ?

ಎರಡನೇ ಸಲ: 130 ಡಿಗ್ರಿ

ಎಣ್ಣೆಯ ವಿಷಯದಲ್ಲಿ ನಮಗೆ ಅನುಕೂಲ. ಅವರು ಮನೆ ಅಡುಗೆಗೆ ಹೇಳುವುದು ಕಡಲೆಕಾಯಿ ಎಣ್ಣೆ ಅಥವಾ ದ್ರಾಕ್ಷಿ ಬೀಜದ ಎಣ್ಣೆ. ಕಡಲೆಕಾಯಿ ಎಣ್ಣೆ ನಮ್ಮ ಮನೆಯದ್ದೇ ಅಲ್ವಾ. ಆದರೆ ಇದಕ್ಕೆ ರಿಫೈನ್ಡ್ ತೆಗೆದುಕೊಳ್ಳಿ. ಗಾಣದ ಎಣ್ಣೆಯ ಪರಿಮಳ ನನಗೂ ಇಷ್ಟ, ಆದರೆ ಅದು ಬೇಗ ಹೊಗೆಯಾಡುತ್ತದೆ. ಕೊನೆಯ ಸಲದ ಬಿಸಿಗೆ ತಡೆಯುವುದಿಲ್ಲ.

ಇಂಗ್ಲೆಂಡಿನಲ್ಲಿರುವ ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿನ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ, ಅದರಲ್ಲೂ ಯಾರ್ಕ್‌ಷೈರ್ ಕಡೆ, ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಹೊರಗೆ ತಿನ್ನುವಾಗ ಸಂಕೋಚ ಇಲ್ಲದೆ ಕೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮನೆಯಲ್ಲಿ ಮಾಡುವುದನ್ನು ಕಲಿತದ್ದಕ್ಕೆ ಇದೂ ಒಂದು ಕಾರಣ.

ಅಡುಗೆಯ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ಹಿಟ್ಟಿನ ಚೂರು ಹಾಕಿ ಮೇಲೆ ಬರುತ್ತದಾ ನೋಡುವ ನಮ್ಮ ವಿಧಾನ ಬೋಂಡಾಕ್ಕೆ ಸರಿ. ಇಲ್ಲಿ 130ಕ್ಕೂ 180ಕ್ಕೂ ಇರುವ ವ್ಯತ್ಯಾಸದ ಮೇಲೆ ಎಲ್ಲ ನಿಂತಿದೆ. ಆಳವಾದ, ದಪ್ಪ ತಳದ ಪಾತ್ರೆ ಇರಲಿ. ಎಣ್ಣೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ. 2014ರಲ್ಲಿ ಲಂಡನ್ ಅಗ್ನಿಶಾಮಕ ದಳ, ಮನೆಗಳಲ್ಲಿ ಚಿಪ್ಸ್ ಬಾಣಲೆಗೆ ಬೆಂಕಿ ಹತ್ತುವುದು ಜಾಸ್ತಿಯಾಗಲು ಮೂರು ಸಲ ಬೇಯಿಸುವ ಚಿಪ್ಸಿನಂಥ ಶೋಕಿ ಚಿಪ್ಸಿನ ಹುಚ್ಚೂ ಕಾರಣ ಅಂತ ಎಚ್ಚರಿಸಿತ್ತು. ಬಾಣಲೆ ಬಿಟ್ಟು ಫೋನ್ ಹಿಡಿದು ಆಚೆ ಹೋಗಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಲೇಬೇಡಿ, ಉರಿ ಚಾವಣಿಗೆ ಏಳುತ್ತದೆ. ಕೈಗೆ ಸಿಗುವಂತಿದ್ದರೆ ಗ್ಯಾಸ್ ಆಫ್ ಮಾಡಿ. ಹೇಗಿದ್ದರೂ ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಿ ಸಹಾಯಕ್ಕೆ ಫೋನ್ ಮಾಡಿ.

ಫ್ರೀಜರಿನಿಂದ ತೆಗೆದ ಹೋಳುಗಳ ಮೇಲೆ ಮಂಜಿನ ಹರಳು ಕೂತಿದ್ದರೆ ಒರೆಸಿ. ಎಣ್ಣೆ 130 ಡಿಗ್ರಿಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಬಿಡಿ. ಒಂದೇ ಸಲ ಎಲ್ಲ ಸುರಿದರೆ ಎಣ್ಣೆ ತಣ್ಣಗಾಗಿ ಆಲೂಗಡ್ಡೆ ಎಣ್ಣೆ ಕುಡಿಯುತ್ತದೆ. ಸುಮಾರು ಐದು ನಿಮಿಷ ಸಾಕು. ಬಣ್ಣ ಬರಬಾರದು. ಮೇಲೆ ತೆಳುವಾದ, ಒಣ ಪದರ ಕಟ್ಟಿರಬೇಕು. ಸೌಟಿನಿಂದ ಮುಟ್ಟಿದರೆ ಗೊತ್ತಾಗುತ್ತದೆ. ತೆಗೆದು ಕಾಗದದ ಮೇಲೆ ಹಾಕಿ, ತಣ್ಣಗಾದ ಮೇಲೆ ಮತ್ತೆ ಜಾಲರಿ, ಮತ್ತೆ ಫ್ರೀಜರ್, ಮತ್ತೆ ಒಂದು ಗಂಟೆ. ಈ ಎರಡನೇ ಗಂಟೆಯನ್ನು ತಪ್ಪಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ತಪ್ಪಿಸಬೇಡಿ. ಎಣ್ಣೆಯಲ್ಲಿ ಇದ್ದಾಗ ಒಳಗಿನ ನೀರು ಮೇಲ್ಮೈಗೆ ಬಂದಿರುತ್ತದೆ, ಅದೂ ಹೋಗಬೇಕು.

ಇನ್ನೊಂದು ಗಂಟೆ

1995ರಲ್ಲಿ ಬ್ರೇ ಹಳ್ಳಿಯ ಒಂದು ಹಳೇ ಪಬ್ಬನ್ನು ಕೊಂಡು ಹೆಸ್ಟನ್ ಫ್ಯಾಟ್ ಡಕ್ ತೆರೆದರು. ಅದೇ ಹಳ್ಳಿಯಲ್ಲಿ ಆಗಲೇ ಮೂರು ನಕ್ಷತ್ರದ ವಾಟರ್‌ಸೈಡ್ ಇನ್ ಇತ್ತು, ಫ್ರೆಂಚ್ ಬಾಣಸಿಗರಾದ ರೂ ಸಹೋದರರು 1972ರಲ್ಲಿ ಶುರು ಮಾಡಿದ್ದು. ಇವರದ್ದು ಸಣ್ಣ ಅಡುಗೆಮನೆ, ಶೌಚಾಲಯ ಹೊರಗೆ. ತೆರೆದ ಎರಡನೇ ದಿನವೇ ಓವನ್ ಸಿಡಿಯಿತು. ತಲೆ ಮೇಲೆ ಫ್ರೋಜನ್ ಬಟಾಣಿಯ ಚೀಲ ಇಟ್ಟುಕೊಂಡು ಅವತ್ತಿನ ಅಡುಗೆ ಮುಗಿಸಿದರು ಅಂತ ಅವರೇ ಹೇಳಿದ್ದಾರೆ. ಆಗ ಅಲ್ಲಿ ಬಡಿಸುತ್ತಿದ್ದದ್ದು ಫ್ರೆಂಚ್ ಮನೆಯೂಟ: ಸ್ಟೇಕ್, ನಿಂಬೆ ಟಾರ್ಟ್, ಮತ್ತೆ ಈ ಚಿಪ್ಸ್.

ಹಳ್ಳಿಯ ಗ್ಯಾಸ್ ಒತ್ತಡ ಕಡಿಮೆ. ಬೀನ್ಸ್ ಹಾಕಿದರೆ ಕುದಿಯುವ ನೀರು ತಣ್ಣಗಾಗುತ್ತಿತ್ತು. ಇದರಿಂದ ಬೇಜಾರಾಗುವ ಬದಲು, ತರಕಾರಿಯ ಹಸಿರು ಉಳಿಯುವುದು ಯಾವುದರಿಂದ, ನೀರಿಗೆ ಉಪ್ಪು ಯಾಕೆ ಹಾಕುತ್ತಾರೆ ಅಂತ ಹುಡುಕಲು ಹೋದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಬಾರಮ್ ಅವರ ಪರಿಚಯವಾಯಿತು. ಆಮೇಲೆ ಆಕ್ಸ್‌ಫರ್ಡಿನ ಮನೋವಿಜ್ಞಾನಿ ಚಾರ್ಲ್ಸ್ ಸ್ಪೆನ್ಸ್ ಅವರ ಜೊತೆಯೂ ಕೆಲಸ ಮಾಡಿದರು. ಕಚ್ಚುವಾಗ ಬರುವ 'ಕರುಂ' ಸದ್ದನ್ನು ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿಸಿದರೆ, ಅದೇ ಪ್ಯಾಕೆಟ್ ಚಿಪ್ಸ್ ಇನ್ನೂ ಗರಿಯಾಗಿದೆ ಅಂತ ಜನರಿಗೆ ಅನ್ನಿಸುತ್ತದೆ ಎಂದು ತೋರಿಸಿದವರು ಸ್ಪೆನ್ಸ್. ಶಂಖದೊಳಗಿನ ಐಪಾಡ್ 2007ರಲ್ಲಿ ಬಂತು. ಈಗ ನೋಡಿ, ಆ ಶಂಖಕ್ಕೂ ನಿಮ್ಮ ಫ್ರೀಜರಿನಲ್ಲಿರುವ ಆಲೂಗಡ್ಡೆಗೂ ನಂಟು ಕಾಣುತ್ತದೆ. ಎರಡರ ಹಿಂದೆಯೂ ಒಬ್ಬ ಮನುಷ್ಯ 'ಇದು ಹೀಗೇಕೆ ರುಚಿಯಾಗಿದೆ?' ಅಂತ ಕೇಳುತ್ತಿದ್ದಾನೆ.

ನಕ್ಷತ್ರಗಳು ಒಂದೊಂದಾಗಿ ಬಂದವು: 1999ರಲ್ಲಿ ಮೊದಲನೆಯದು, 2004ಕ್ಕೆ ಮೂರನೆಯದು. 2005ರಲ್ಲಿ ವಿಶ್ವದ 50 ಶ್ರೇಷ್ಠ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಮೊದಲ ಜಾಗ. 2006ರಲ್ಲಿ ಓಬಿಇ ಅನ್ನುವ ಬ್ರಿಟಿಷ್ ಗೌರವ. ಬ್ರೇಯಲ್ಲೇ ಇರುವ ಹೈಂಡ್ಸ್ ಹೆಡ್ ಅನ್ನುವ ಹಳೇ ಪಬ್ಬನ್ನೂ ತೆಗೆದುಕೊಂಡರು. 2009ರಲ್ಲಿ ಕೆಟ್ಟ ಕಾಲವೂ ಬಂತು. ವಾಂತಿ ಭೇದಿ ತರಿಸುವ ನೊರೊವೈರಸ್‌ನಿಂದ ನೂರಾರು ಜನ ಗಿರಾಕಿಗಳು ಕಾಯಿಲೆ ಬಿದ್ದು, ಫ್ಯಾಟ್ ಡಕ್ ಕೆಲವು ವಾರ ಮುಚ್ಚಬೇಕಾಯಿತು. 2011ರಲ್ಲಿ ಲಂಡನ್ನಿನ ಹೈಡ್ ಪಾರ್ಕ್ ಪಕ್ಕ ಇನ್ನೊಂದು ರೆಸ್ಟೋರೆಂಟ್ ತೆರೆದರು. ಅಲ್ಲಿ ಹಳೇ ಇಂಗ್ಲಿಷ್ ಪಾಕಗಳನ್ನು ಹುಡುಕಿ ಹೊಸದಾಗಿ ಮಾಡುತ್ತಾರೆ.

2024ರಲ್ಲಿ ತಮಗೆ ಬೈಪೋಲಾರ್ ಅನ್ನುವ, ಮನಸ್ಸು ವಿಪರೀತ ಏರಿಳಿಯುವ ಮಾನಸಿಕ ಕಾಯಿಲೆ ಇದೆ ಅಂತ ಅವರು ಬಹಿರಂಗವಾಗಿ ಹೇಳಿದರು. ಆಮೇಲೆ ಅದರ ಬಗ್ಗೆ ಜಾಗೃತಿ ಮೂಡಿಸುವ ಕೆಲಸಕ್ಕೂ ಕೈ ಹಾಕಿದರು. ನಮ್ಮ ಮನೆಗಳಲ್ಲಿ ಇಂಥ ವಿಷಯ ಮುಚ್ಚಿಡುವುದೇ ಜಾಸ್ತಿ. ಇಷ್ಟು ಹೆಸರು ಮಾಡಿದ ಮನುಷ್ಯ ಬಾಯಿಬಿಟ್ಟು ಹೇಳಿದ್ದು ದೊಡ್ಡ ಧೈರ್ಯ ಅಂತ ನನಗೆ ಅನ್ನಿಸುತ್ತದೆ.

ಮೂರನೇ ಸಲ: 180 ಡಿಗ್ರಿ

ಈಗ ಎಣ್ಣೆ 180 ಡಿಗ್ರಿಗೆ ಬರಲಿ. ಮತ್ತೆ ಸ್ವಲ್ಪ ಸ್ವಲ್ಪವೇ ಹಾಕಿ. ಸುಮಾರು ಏಳು ನಿಮಿಷ. ಮೊದಲು ಗುಳ್ಳೆಗಳು ಜೋರಾಗಿ ಏಳುತ್ತವೆ, ಅದು ಉಳಿದ ನೀರು ಆವಿಯಾಗಿ ಹೋಗುತ್ತಿರುವುದು. ಗುಳ್ಳೆ ಕಡಿಮೆಯಾಗುತ್ತಾ ಬಂದ ಹಾಗೆ ಬಣ್ಣ ಏರುತ್ತದೆ. ಸದ್ದಿಗೂ ಕಿವಿ ಕೊಡಿ. 'ಚೊಂಯ್' ಅನ್ನುವುದು ನಿಧಾನವಾಗಿ ಇಳಿಯುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ ಅಲುಗಾಡಿಸಿದರೆ ಒಂದಕ್ಕೊಂದು ತಾಗಿ ಖಣಖಣ ಅನ್ನಬೇಕು. ಹಾಗೆ ಅಂದರೆ ಆಯಿತು. ಹೊರಪದರ ಗಾಜಿನ ಹಾಗಿರಬೇಕು, ಒಳಗೆ ಹತ್ತಿಯಷ್ಟು ಹಗುರ ತಿರುಳು.

ಉಪ್ಪು ಈಗಲೇ ಹಾಕಿ, ಬಿಸಿ ಇರುವಾಗಲೇ. ಮೊದಲೇ ಹಾಕಿದರೆ ಉಪ್ಪು ನೀರು ಬಿಡಿಸಿ ಇಷ್ಟು ಹೊತ್ತು ಮಾಡಿದ್ದನ್ನೆಲ್ಲ ಕೆಡಿಸುತ್ತದೆ. ಮುಚ್ಚಳ ಮುಚ್ಚಿ ಇಡಬೇಡಿ, ಆವಿ ಮತ್ತೆ ಚಿಪ್ಸ್ ಮೇಲೇ ಬೀಳುತ್ತದೆ. ಇಂಗ್ಲಿಷರು ವಿನೆಗರ್ ಚಿಮುಕಿಸುತ್ತಾರೆ. ಹೆಸ್ಟನ್ ಅದರಲ್ಲೂ ಒಂದು ಉಪಾಯ ಮಾಡಿದ್ದಾರೆ: ಉಪ್ಪಿನಕಾಯಿ ಹಾಕಿದ ಈರುಳ್ಳಿಯ ವಿನೆಗರನ್ನು ಸ್ಪ್ರೇ ಬಾಟಲಿಗೆ ತುಂಬಿ ಹನಿಹನಿಯಾಗಿ ಚಿಮ್ಮಿಸುವುದು. ಚಿಪ್ಸ್ ಒದ್ದೆಯಾಗುವುದಿಲ್ಲ, ಚಿಪ್ಸ್ ಅಂಗಡಿಯ ವಾಸನೆ ಮಾತ್ರ ಮೂಗಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಅದು ಇಷ್ಟ. ನನಗೆ ಉಪ್ಪಿನ ಜೊತೆ ಕರಿಮೆಣಸಿನ ಪುಡಿ ಇದ್ದರೆ ಸಾಕು.

ಒಂದೇ ದಿನ ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಎರಡನೇ ಸಲ ಕರಿದು ತಂಪು ಮಾಡಿದ ಮೇಲೆ ಮೂರು ದಿನದ ತನಕ ಫ್ರಿಜ್‌ನಲ್ಲಿ ಇಡಬಹುದು. ಶುಕ್ರವಾರ ರಾತ್ರಿ ಅಷ್ಟು ಮುಗಿಸಿಟ್ಟರೆ, ಭಾನುವಾರ ನೆಂಟರು ಬಂದು ಕೂತ ಮೇಲೆ ಏಳು ನಿಮಿಷದ ಕೆಲಸ ಮಾತ್ರ ಉಳಿಯುತ್ತದೆ. ಒಂದು ಕೆಜಿ ನಾಲ್ಕು ಜನರಿಗೆ ಸಾಕು. ಮಕ್ಕಳಿದ್ದರೆ ಎರಡು ಕೆಜಿ ಮಾಡಿ.